ಎರಡು ಮನೆ ನೋಡಿದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತೆ ಹೇಳುತ್ತಾರೆ. ಸುಳ್ಳು. ಅದು ಇರುವುದು ನನ್ನ ಬಲಗಾಲಿನಲ್ಲಿ. ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಕಾಲು. ಸಿಟ್ಟು ಬಂದರೆ ಯಂತ್ರ ಇಲ್ಲದಿದ್ದರೂ ತುಳಿಯುತ್ತಲೇ ಇರುತ್ತದೆ. ಆ ಸೋಮವಾರ ಅರಳುವಿನ ದೊಡ್ಡಪ್ಪ ಫೋನಿಟ್ಟ ಮೇಲೆ ಊಟದ ಮೇಜಿನ ಕೆಳಗೆ ಅದು ಎಷ್ಟು ತುಳಿಯಿತೆಂದರೆ, ಎದುರಿಗೆ ಕೂತಿದ್ದ ಇವರ ತಟ್ಟೆಯಲ್ಲಿ ಚಮಚ ಗಲಗಲ ಎಂದಿತು.

ಇವರು ಅಂದರೆ ನನ್ನ ಗಂಡ. ಕಿಟಕಿಗಳಿಗೆ ಗಾಜು ಕೂರಿಸುವುದು ಇವರ ಕೆಲಸ. ಗಾಜಿನ ಕೆಲಸದವರಿಗೆ ಅವಸರ ಅನ್ನುವುದು ಗೊತ್ತಿರುವುದಿಲ್ಲ. ಗೊತ್ತಿದ್ದವರಿಗೆ ಹತ್ತು ಬೆರಳು ಇರುವುದಿಲ್ಲ. ನಿಧಾನವಾಗಿ ತುತ್ತು ನುಂಗಿ, ಏನಂತೆ ಎಂದು ಕೇಳಿದರು. ನಾನು ಹೇಳತೊಡಗಿದೆ.

ಅರಳು ನನ್ನ ಅಕ್ಕನ ಮಗಳು. ಮೂರನೇ ಕ್ಲಾಸು ಮುಗಿಸಿದ್ದಳು. ಅರಳು ಹುರಿದ ಹಾಗೆ ಪಟಪಟ ಮಾತಾಡುತ್ತಾಳೆಂದು ಅಕ್ಕನೇ ಇಟ್ಟ ಅಡ್ಡಹೆಸರು. ಅಕ್ಕ ತೀರಿಕೊಂಡ ಮೇಲೆ ಹುರಿಯುವುದು ನಿಂತಿತ್ತು, ಹೆಸರು ಮಾತ್ರ ಉಳಿದಿತ್ತು. ಅವಳ ಅಪ್ಪನಿಗೆ ಹಡಗಿನ ಕೆಲಸ. ವರ್ಷದಲ್ಲಿ ಹೆಚ್ಚು ಕಾಲ ನೀರಿನ ಮೇಲೆಯೇ. ಮೊದಲು ದೊಡ್ಡಪ್ಪನ ಮನೆಯಲ್ಲಿದ್ದಳು; ಅಲ್ಲಿ ದೊಡ್ಡಮ್ಮ ಹಾಸಿಗೆ ಹಿಡಿದರು. ಆಮೇಲೆ ಸೋದರತ್ತೆಯ ಮನೆ. ಅವರು ಬೇರೆ ದೇಶಕ್ಕೆ ಹೊರಟುನಿಂತರು. ಕೊನೆಗೆ ರಜೆಗೆಂದು ನಮ್ಮಲ್ಲಿಗೆ ಬಂದಳು. ಈಗ ರಜೆ ಮುಗಿಯುತ್ತ ಬಂದಿತ್ತು.

ದೊಡ್ಡಪ್ಪ ಕೆಟ್ಟವರಲ್ಲ. ಎಲ್ಲವನ್ನೂ ಅಳೆದು ತೂಗಿ ಮಾತಾಡುವವರು, ಅಷ್ಟೆ. ಹಾಸ್ಟೆಲ್ ಇರುವ ಒಂದು ಶಾಲೆಯಲ್ಲಿ ಸೀಟು ಹಿಡಿದಿಟ್ಟಿದ್ದರು. ಭಾನುವಾರ ತಾವೇ ಬರುವುದಾಗಿಯೂ, ಹುಡುಗಿಯನ್ನೇ ಕೇಳುವುದಾಗಿಯೂ, ಅವಳು ಎಲ್ಲಿರುತ್ತೇನೆ ಅನ್ನುತ್ತಾಳೋ ಅಲ್ಲಿಗೇ ಬಿಡಬೇಕೆಂದು ಅವಳ ಅಪ್ಪ ಹೇಳಿರುವುದಾಗಿಯೂ ತಿಳಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ಫೋನಿಡುವ ಮೊದಲು ಒಂದು ಮಾತು ಆಡಿದರು.

"ಯೋಚನೆ ಮಾಡಮ್ಮ. ನಿಮ್ಮ ಕಾರಲ್ಲೇ ಆ ಮಗುವಿಗೆ ಜಾಗ ಇಲ್ಲ. ಮನೇಲಿ ಎಲ್ಲಿಂದ ಬರುತ್ತೆ?"

ಆ ಮಾತು ಚುಚ್ಚಿತು, ಯಾಕೆಂದರೆ ಅದು ನಿಜವಾಗಿತ್ತು. ನಮ್ಮ ಹಳೇ ಕಾರಿನಲ್ಲಿ ಮುಂದೆ ಇವರು ಮತ್ತು ಅತ್ತೆ. ಅತ್ತೆಯ ಮಂಡಿ ಹಿಂದಿನ ಸೀಟಿನಲ್ಲಿ ಮಡಚುವುದಿಲ್ಲ. ಹಿಂದೆ ನಾನು ಮತ್ತು ನನ್ನ ಅವಳಿ ಗಂಡುಮಕ್ಕಳು, ಅಂದರೆ ನಮ್ಮ ಜೋಡೆತ್ತುಗಳು. ಕಾರು ಭರ್ತಿ. ರಜೆಯ ಮೊದಲ ವಾರ ಎಲ್ಲರೂ ಕೆರೆಗೆ ಹೊರಟಾಗ ಅರಳು ಕಾರಿನ ಒಳಗೆ ಒಮ್ಮೆ ಇಣುಕಿ, ತನಗೆ ಹೊಟ್ಟೆನೋವು ಎಂದು ಹೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ನಾನೂ ಅವಳ ಜೊತೆ ಉಳಿದೆ. ಕಾರು ತಿರುವು ದಾಟಿದ್ದೇ ತಡ, ಹೊಟ್ಟೆನೋವು ಹೋಯಿತು. ದೊಡ್ಡಪ್ಪನಿಗೆ ಇದನ್ನು ಜೋಡೆತ್ತುಗಳಲ್ಲಿ ಯಾರೋ ಫೋನಿನಲ್ಲಿ ಒದರಿದ್ದರು.

ನನಗೆ ಆ ಹುಡುಗಿ ಬೇಕಾಗಿದ್ದಳು. ಸುತ್ತಿ ಬಳಸಿ ಹೇಳುವುದೇನಿಲ್ಲ. ಅಕ್ಕನ ಮುಖ ಅವಳ ಮುಖದಲ್ಲಿ ಬಂದು ಹೋಗುತ್ತದೆ ಅಂತಲೂ ಹೌದು, ಅದಿಲ್ಲದಿದ್ದರೂ ಬೇಕಾಗಿದ್ದಳು. ಭಾನುವಾರ ದೊಡ್ಡಪ್ಪ ಬರುವಷ್ಟರಲ್ಲಿ ಬಾಗಿಲಿಗೆ ಒಂದು ವ್ಯಾನು ಬಂದು ನಿಂತಿರಬೇಕು, ಎಲ್ಲರೂ ಕೂತು ಇನ್ನೂ ಜಾಗ ಉಳಿಯುವಂಥದ್ದು. ಹೊಸದಕ್ಕೆ ನಮ್ಮ ಕೈ ಎಟಕುವುದಿಲ್ಲ. ಹಳೆಯದೇ ಸೈ, ಆದರೆ ಕೈ ಕೊಡಬಾರದು. ಹೀಗೆಂದು ನಾನು ಮೇಜು ಬಡಿದೆ. ಇವರು ಲೋಟ ಹಿಡಿದುಕೊಂಡು, ಆಗಲಿ, ಅಣ್ಣನನ್ನು ಕರೆಯೋಣ ಎಂದರು.

ಜೊತೆಗೆ ನಾನು ಇನ್ನೊಂದು ಕಟ್ಟಪ್ಪಣೆ ಮಾಡಿದೆ. ವ್ಯಾನು ಎಂಬ ಮಾತು ಮಕ್ಕಳ ಮುಂದೆ ಯಾರೂ ಎತ್ತಕೂಡದು. ಜೋಡೆತ್ತುಗಳ ಕಿವಿಗೆ ಬಿದ್ದರೆ ಬೀದಿಗೆಲ್ಲ ಡಂಗುರ. ಅದಕ್ಕಿಂತ ಹೆಚ್ಚಾಗಿ ಅರಳು. ಆ ಮಗುವಿಗೆ ಕೊಡುತ್ತೇವೆ, ಕರೆದುಕೊಂಡು ಹೋಗುತ್ತೇವೆ, ಬರುತ್ತೇವೆ ಎಂದವರೇ ಜಾಸ್ತಿ. ಸಿಗದೇ ಹೋದರೆ ನಾನೂ ಆ ಸಾಲಿಗೆ ಸೇರಬೇಕಾಗುತ್ತದೆ. ಬಂದು ನಿಂತ ಮೇಲೆ ನೋಡಲಿ. ಅಲ್ಲಿಯವರೆಗೆ ಎಲ್ಲರ ಬಾಯಿಗೂ ಬೀಗ.

ನಮ್ಮ ಮನೆಯಲ್ಲಿ ಇದೇನು ಕಷ್ಟದ ಕೆಲಸವಲ್ಲ. ಹೆಸರು ಹಿಡಿದು ಮಾತಾಡುವುದೇ ಕಡಿಮೆ. ನನಗೆ ಗಂಡ 'ಇವರು', ಅತ್ತೆಗೆ ನಾನು 'ಇವಳು', ಮಕ್ಕಳೆಲ್ಲ 'ಅದು', 'ಇದು'. ಅದು ಊಟ ಮಾಡ್ತಾ, ಇದಕ್ಕೆ ಮೈ ಬೆಚ್ಚಗಿದೆ, ಅದು ಇನ್ನೂ ಎದ್ದಿಲ್ಲ. ಪ್ರೀತಿ ಹೆಚ್ಚಿದಷ್ಟೂ ಮಕ್ಕಳು ನಮ್ಮ ಬಾಯಲ್ಲಿ ಪಾತ್ರೆ ಪಡಗದ ಸಾಲಿಗೆ ಸೇರಿಬಿಡುತ್ತವೆ. ಹಾಗಾಗಿ ವ್ಯಾನು ಕೂಡ ಆ ದಿನದಿಂದ 'ಅದು' ಆಯಿತು. ಯಾರಿಗೂ ನಾಲಿಗೆ ತೊಡರಲಿಲ್ಲ.

ಇವರ ಅಣ್ಣನನ್ನು ನಾವು ಬೆನ್ನ ಹಿಂದೆ ಬ್ರೇಕ್ ಭಾವ ಎನ್ನುತ್ತೇವೆ. ಬಸ್ ಡಿಪೋದಲ್ಲಿ ಗಾಡಿಗಳನ್ನು ಪರೀಕ್ಷೆ ಮಾಡಿ ರಸ್ತೆಗೆ ಬಿಡುವ ಕೆಲಸ. ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಾರೆ. ಒಮ್ಮೆ ಸಿನಿಮಾ ನೋಡುವಾಗಲೂ ತುಳಿದರು. ಮಂಗಳವಾರ ಸಂಜೆ ಬಂದವರೇ ಮೇಜಿನ ತುದಿಯಲ್ಲಿ ಕೂತು, ಗುಟ್ಟಿನ ವಿಷಯ ತಿಳಿದದ್ದೇ ಖುಷಿಯಾಗಿ, ಸುತ್ತ ಮಕ್ಕಳಿದ್ದರೂ ಧಾರಾಳವಾಗಿ ಪಾಠ ಶುರು ಮಾಡಿದರು.

ಎಷ್ಟು ಸಲ ಕೈ ಬದಲಾಯಿಸಿದೆ ಅನ್ನುವುದೇ ಮೊದಲ ಪ್ರಶ್ನೆ ಎಂದರು. "ಒಂದು ಮನೆಯವರು ಬಿಟ್ರು ಅಂದ್ರೆ ಅವರಿಗೇ ಏನೋ ಕಷ್ಟ ಅಂತ ಇಟ್ಕೋ. ಎರಡು ಮನೆ ನೋಡಿ ಬಂದಿದೆ, ಎರಡು ಕಡೆನೂ ಬಿಟ್ರು ಅಂದ್ರೆ ಅದರಲ್ಲೇ ಏನೋ ಇದೆ. ಯಾಕೆ ಬಿಟ್ರು ಅಂತ ತಿಳ್ಕೊಳ್ದೆ ಮನೆಗೆ ಸೇರಿಸ್ಕೋಬೇಡ."

ಆಮೇಲೆ ಬೆರಳು ಮಡಚುತ್ತ ಹೋದರು. ಬೆಳಿಗ್ಗೆ ತಣ್ಣಗಿರುವಾಗ ಒಂದೇ ಸಲಕ್ಕೆ ಏಳಬೇಕು. ನಾಲ್ಕು ಸಲ ಎಬ್ಬಿಸಿದರೆ ಏಳುವಂಥದ್ದು ಬೇಡವೇ ಬೇಡ. ಎಷ್ಟು ಕುಡಿಯುತ್ತದೆ ಎಂದು ಕೇಳಬೇಕು, ಅವರು ಹೇಳಿದ್ದರ ಮೇಲೆ ಇನ್ನಷ್ಟು ಸೇರಿಸಿಕೊಳ್ಳಬೇಕು. ಒಳಗಿನಿಂದ ಗೊರಗೊರ ಸದ್ದು ಬಂದರೆ ಹುಷಾರು. ಮೇಲಿನ ಥಳಕಿಗೆ ಮರುಳಾಗಬಾರದು, ತೋರಿಸುವ ದಿನ ಎಲ್ಲರೂ ತೊಳೆದು ಬಾಚಿಯೇ ನಿಲ್ಲಿಸುತ್ತಾರೆ. ಸಾಧ್ಯವಿದ್ದರೆ ಕೆಲವು ದಿನ ಇಟ್ಟುಕೊಂಡು ನೋಡಿ ಆಮೇಲೆ ತೀರ್ಮಾನ ಮಾಡಬೇಕು, ತೀರ್ಮಾನ ಆದ ಮೇಲೆ ವಾಪಸ್ ಅನ್ನುವ ಹಾಗಿಲ್ಲ.

ಅರಳು ಆಗ ನೀರಿನ ಲೋಟಗಳನ್ನು ಒಂದೊಂದಾಗಿ ತಂದಿಡುತ್ತಿದ್ದಳು. ಭಾವನ ಲೋಟ ಇಟ್ಟು ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಅವಳ ಕೈ ಒದ್ದೆಯಾಗಿದೆ ಒರೆಸಿಕೋ ಎಂದು ನಾನು ಗದರಿದ್ದು ನೆನಪಿದೆ.

ಬುಧವಾರ ಮೊದಲ ವ್ಯಾನು ನೋಡಿದೆವು. ಒಬ್ಬ ಔಷಧಿ ಅಂಗಡಿಯವರದು. ಕನ್ನಡಿಯಲ್ಲಿ ಮುಖ ನೋಡಿದ ಹಾಗೆ ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ನಾನು ಆಗಲೇ ಯಾರು ಎಲ್ಲಿ ಕೂರಬೇಕೆಂದು ಮನಸ್ಸಿನಲ್ಲಿ ಕೂರಿಸಿಬಿಟ್ಟಿದ್ದೆ. ಭಾವ ಬಾನೆಟ್ ಮೇಲೆ ಅಂಗೈ ಇಟ್ಟರು, ಬಿಸಿ ಇತ್ತು. ನಾವು ಬರುವ ಮೊದಲೇ ಅದನ್ನು ಓಡಿಸಿ ಬೆಚ್ಚಗೆ ಮಾಡಿಟ್ಟಿದ್ದರು, ತಣ್ಣಗಿದ್ದಾಗಿನ ರೋಗ ಕಾಣದಿರಲಿ ಎಂದು. ಆಮೇಲೆ ಭಾವ ಹೊಸ ಮ್ಯಾಟು ಎತ್ತಿದರೆ ಕೆಳಗೆ ತುಕ್ಕು. ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು, ಓಡಿದ ದೂರ ತೋರಿಸುವ ಮೀಟರು ಮಾತ್ರ ಗಾಡಿ ನಿನ್ನೆ ಮೊನ್ನೆ ಹುಟ್ಟಿದ್ದು ಎನ್ನುತ್ತಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಭಾವ ಗೇಟು ದಾಟಿದರು. ನನಗೆ ಅಲ್ಲೇ ಕೂತು ಅಳುವಷ್ಟು ಸಿಟ್ಟು ಬಂತು.

ಗುರುವಾರ ಇನ್ನೊಂದು ಸಿಕ್ಕಿತು. ಈಜು ಕಲಿಸುವವನೊಬ್ಬನದು. ಪುಣ್ಯಾತ್ಮ, ಶನಿವಾರದವರೆಗೆ ಇಟ್ಟುಕೊಂಡು ಓಡಿಸಿ ನೋಡಿ ಎಂದು ಕೀಲಿಯನ್ನೇ ಕೊಟ್ಟ. ಮಕ್ಕಳ ಕಣ್ಣಿಗೆ ಬೀಳದಿರಲೆಂದು ಭಾವನ ಮನೆಯ ಮುಂದೆ ನಿಲ್ಲಿಸಿದೆವು. ನಾನು ಎರಡೆರಡು ಸಲ ಹೋಗಿ ಮುಟ್ಟಿ ನೋಡಿ ಬಂದೆ. ಗಿರಾಕಿಯೊಬ್ಬರ ಪ್ಯಾಂಟಿನ ಒಂದು ಕಾಲನ್ನು ಮಾತ್ರ ಗಿಡ್ಡ ಮಾಡಿ ಇಸ್ತ್ರಿ ಹಾಕಿ ಕೊಟ್ಟೆ. ಮನಸ್ಸು ಎಲ್ಲೂ ನಿಲ್ಲುತ್ತಿರಲಿಲ್ಲ.

ಆ ಗಲಾಟೆಯಲ್ಲೂ ಒಂದು ಸಮಾಧಾನ ಇತ್ತು. ಅರಳು ಹೊಂದಿಕೊಳ್ಳುತ್ತಿದ್ದಳು. ಬಂದ ಹೊಸದರಲ್ಲಿ ಬೆಳಿಗ್ಗೆ ನಾಲ್ಕು ಸಲ ಕೂಗಿ, ಹೊದಿಕೆ ಎಳೆದು, ಪಾದ ಹಿಡಿದು ಜಗ್ಗಬೇಕಿತ್ತು. ಈಗ ನಾನು ಬಾಯಿ ತೆರೆಯುವಷ್ಟರಲ್ಲಿ ಹೊದಿಕೆ ಮಡಚಿ ಪಕ್ಕದಲ್ಲಿ ನಿಂತಿರುತ್ತಿದ್ದಳು. ಎರಡು ಲೋಟ ಹಾಲು ಕುಡಿಯುತ್ತಿದ್ದವಳು ಅರ್ಧ ಲೋಟಕ್ಕೇ ಸಾಕು ಎನ್ನುತ್ತಿದ್ದಳು. ನಡೆದರೆ ಹೆಜ್ಜೆ ಸಪ್ಪಳವಿಲ್ಲ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು. ಒಂದೇ ವಿಚಿತ್ರವೆಂದರೆ ತಲೆ ಬಾಚಲು ಕರೆದರೆ ಬೇಡ, ಹೀಗೇ ಇರಲಿ ಎನ್ನುತ್ತಿದ್ದಳು. ನಾನು ಇವರಿಗೆ ಹೆಮ್ಮೆಯಿಂದ ಹೇಳಿದೆ, ನೋಡಿ, ನಮ್ಮ ಮನೆಯ ದಾರಿಗೆ ಬಂತು ಅಂತ. ಅತ್ತೆ ಮಾತ್ರ ಮಂಡಿಗೆ ಎಣ್ಣೆ ತಿಕ್ಕುತ್ತ, ಇಷ್ಟು ಒಳ್ಳೇತನ ಮಕ್ಕಳಿಗೆ ಒಳ್ಳೇದಲ್ಲ ಕಣೆ ಎಂದರು. ಅತ್ತೆಗೆ ಮಳೆ ಬಂದರೂ ದೂರು, ಬಿಸಿಲು ಬಂದರೂ ದೂರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆಯ ಮಂಡಿಗೆ ಆಸ್ಪತ್ರೆಗೆ ಹೋಗಬೇಕಿತ್ತು. ಪರೀಕ್ಷೆಯೂ ಆದಂತಾಯಿತೆಂದು ಈಜಿನವನ ವ್ಯಾನಿನಲ್ಲೇ ಹೊರಟೆವು. ಮೊದಲು ಅದು ಏಳಲೇ ಇಲ್ಲ. ಇವರು ಕೀಲಿ ತಿರುಗಿಸಿ ತಿರುಗಿಸಿ, ಭಾವ ಹಿಂದಿನಿಂದ ಬೈದು ಬೈದು, ಕೊನೆಗೆ ಕೆಮ್ಮುತ್ತ ಎದ್ದಿತು. ದೊಡ್ಡ ಸರ್ಕಲ್ಲಿನ ನಟ್ಟನಡುವೆ ನಿಂತುಬಿಟ್ಟಿತು. ಸುತ್ತ ಹಾರನ್ನುಗಳು, ಒಳಗೆ ಅತ್ತೆಯ ಮಂಡಿ, ಹೊರಗೆ ತಳ್ಳುತ್ತಿರುವ ನಾನು. ಅಲ್ಲೇ ಎದುರಿಗೆ 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಹಲಗೆ ಬೇರೆ. ಅದನ್ನು ಕಿತ್ತು ಯಾರ ತಲೆಗಾದರೂ ಹೊಡೆಯಬೇಕೆನಿಸಿತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ಜೋಡೆತ್ತುಗಳು ಅಲ್ಲೇ ಗೋಲಿ ಆಡುತ್ತಿದ್ದವು, ಆದ್ದರಿಂದ ಎಂಥ ಸಿಟ್ಟಿನಲ್ಲೂ ನನ್ನ ಕಟ್ಟಪ್ಪಣೆಯನ್ನು ನಾನೇ ಮುರಿಯಲಿಲ್ಲ. ಅಷ್ಟು ಜಾಣೆ ನಾನು.

"ಬೇಡ. ನಂಗೆ ಅದು ಬೇಡವೇ ಬೇಡ. ಬೆಳಿಗ್ಗೆ ಎಬ್ಬಿಸೋದ್ರಲ್ಲೇ ಜೀವ ಹೋಗುತ್ತೆ. ಇಟ್ಕೊಂಡು ನೋಡಿದ್ದಾಯ್ತಲ್ಲ, ವಾಪಸ್ ಕಳಿಸಿಬಿಡಿ. ಭಾನುವಾರದೊಳಗೆ ಬೇರೆ ನೋಡೋಣ."

ಇವರು ನಿಧಾನ, ನಿಧಾನ ಎಂದರು. ಹಿಂದಿನ ಪಡಸಾಲೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದ ಅರಳು ನನ್ನ ಸೀರೆಯನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋದಳು. ಮತ್ತೆ ಬಂದು ಪೂರ್ತಿ ಮಡಚಿಟ್ಟಳು. ನಾನು ನೋಡಿದೆ, ಆದರೆ ನೋಡಲಿಲ್ಲ.

ಶನಿವಾರ ಬೆಳಿಗ್ಗೆ, ಆಸೆ ಬಿಟ್ಟ ಹೊತ್ತಿನಲ್ಲಿ, ಹೂವಿನ ಅಂಗಡಿಯಾಕೆಯ ವ್ಯಾನು ಸಿಕ್ಕಿತು. ಕುತ್ತಿಗೆಗೆ ಕತ್ತರಿ ನೇತುಹಾಕಿಕೊಂಡ ದಪ್ಪ ಹೆಂಗಸು. ಭಾವ ಬಾನೆಟ್ ಮುಟ್ಟಿದರು: ತಣ್ಣಗಿತ್ತು. ಬಾಯಿ ತೆರೆದು ಏನೋ ಕೇಳುವ ಮೊದಲೇ ಆಕೆ ಸೊಂಟಕ್ಕೆ ಕೈ ಕೊಟ್ಟು ಹೇಳಿದಳು. ಇದು ಮೂರನೇ ಕೈಗೆ ಹೋಗುತ್ತಿದೆ. ಪಕ್ಕದ ಜಾರುವ ಬಾಗಿಲು ಹಟಮಾರಿ, ಸೊಂಟದಿಂದ ಒಂದು ಗುದ್ದು ಕೊಟ್ಟರೇ ತೆರೆಯುವುದು. ಹಿಂದಕ್ಕೆ ತೆಗೆಯುವಾಗ ಕಿರುಚುತ್ತದೆ. ಆಯಿಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ತಿಂಗಳಿಗೊಮ್ಮೆ ಅಳತೆ ಕಡ್ಡಿ ಎತ್ತಿ ನೋಡಬೇಕು. ಹೂವಿನ ವಾಸನೆ ಯಾವ ಜನ್ಮಕ್ಕೂ ಹೋಗುವುದಿಲ್ಲ. ಎಂಜಿನ್ನಿನ ಬೆಲ್ಟು ಹೋದ ವರ್ಷ ಬದಲಾಯಿಸಿದ್ದು. ದಾರಿಯಲ್ಲಿ ಒಂದು ದಿನವೂ ನಿಂತಿಲ್ಲ. ಮಕ್ಕಳು ದೊಡ್ಡವರಾಗಿ ಹೊರಟುಹೋದರು, ಇಷ್ಟು ದೊಡ್ಡದರಲ್ಲಿ ಒಬ್ಬಳೇ ಓಡಾಡಿದರೆ ಬೇಸರವಾಗುತ್ತದೆ, ಅದಕ್ಕೆ ಕೊಡುತ್ತಿದ್ದೇನೆ.

ಭಾವ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಎದ್ದಿತು. ಹೊಗೆ ನೋಡಿದರು, ಟೈರು ನೋಡಿದರು, ಮ್ಯಾಟು ಎತ್ತಿದರು, ಊರಾಚೆಯ ಏರು ಹತ್ತಿಸಿ ಇಳಿಸಿದರು. ಪಕ್ಕದಲ್ಲಿ ಕೂತು ನಾನು ಗಮನಿಸಿದೆ: ಬ್ರೇಕ್ ಭಾವ ನಿಜವಾದ ಬ್ರೇಕನ್ನು ಎಷ್ಟು ಮೆಲ್ಲಗೆ ಒತ್ತುತ್ತಾರೆ. ಆಯಿತು ಎಂದರು. ಭಾನುವಾರ ಬೆಳಗಿನ ಹೂವು ಇಳಿಸಿದ ಮೇಲೆ ಕೊಡುತ್ತೇನೆ ಎಂದು ಆಕೆ ಹೇಳಿದಳು, ಭಾವನೇ ಹೋಗಿ ತರುವುದೆಂದು ಮಾತಾಯಿತು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ನಾನಾಗಿರಲಿಲ್ಲ. ಬೇರೆದು ಸಿಕ್ಕಿಬಿಡ್ತು ಅತ್ತೆ, ನಾಳೆನೇ ಮನೆಗೆ ಬರುತ್ತೆ ಎಂದು ಹೇಳಿಯೇಬಿಟ್ಟೆ. ಏನು ಬರುತ್ತೆ ಎಂದು ಜೋಡೆತ್ತುಗಳು ಕೇಳಿದವು. ನಿಮ್ಮ ತಲೆ ಎಂದೆ. ಭಾವ ತಟ್ಟೆಯ ಮೇಲೆ ಬೆರಳೆತ್ತಿ ಕೊನೆಯ ಪಾಠ ಹೇಳಿದರು.

"ನೋಡಮ್ಮ, ದೋಷ ಇಲ್ಲದ್ದು ಪ್ರಪಂಚದಲ್ಲಿಲ್ಲ. ಮೊದಲೇ ಬಾಯಿಬಿಟ್ಟು ಹೇಳಿಬಿಟ್ರೆ ನಾನು ಕಣ್ಣುಮುಚ್ಚಿ ನಂಬ್ತೀನಿ. ಮುಚ್ಚಿಟ್ಟದ್ದು ಒಂದಲ್ಲ ಒಂದು ದಿನ ನಡುದಾರೀಲಿ ಕೈ ಕೊಡುತ್ತೆ."

ಅರಳು ಅಂದು ಹಾಲು ಬೇಡ ಎಂದಳು. ಅರ್ಧ ಲೋಟವೂ ಬೇಡ.

ಭಾನುವಾರ ದೊಡ್ಡಪ್ಪ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಅಳೆದು ತೂಗುವವರು ತಡ ಮಾಡುವುದಿಲ್ಲ, ಅದಕ್ಕೇ ನನಗೆ ಅವರನ್ನು ಕಂಡರೆ ಆಗುವುದಿಲ್ಲ. ನಾನು ಕಿಟಕಿಗೆ ಹೋದೆ, ಬಾಗಿಲಿಗೆ ಹೋದೆ, ಮತ್ತೆ ಕಿಟಕಿಗೆ. ಬೀದಿಯಲ್ಲಿ ಭಾವನ ಸುಳಿವಿಲ್ಲ. ಇನ್ನೊಂದು ಲೋಟ ಕಾಫಿ ಎಂದೆ, ಬಿಸ್ಕತ್ತು ಎಂದೆ, ದೊಡ್ಡಮ್ಮನ ಆರೋಗ್ಯ ಎಂದೆ. ಎಲ್ಲ ಮುಗಿಯಿತು. ದೊಡ್ಡಪ್ಪ ಕನ್ನಡಕ ಒರೆಸಿ ಹಾಕಿಕೊಂಡು, ಅರಳುವನ್ನು ಹತ್ತಿರ ಕರೆದರು.

"ಹೇಳು ಪುಟ್ಟಾ, ಎಲ್ಲಿರ್ತೀಯ? ಯಾರಿಗೆ ಬೇಜಾರಾಗುತ್ತೆ ಅಂತ ನೋಡ್ಬೇಡ."

"ಹಾಸ್ಟೆಲ್‌ಗೆ ಹೋಗ್ತೀನಿ."

ಅವಳ ಚೀಲ ಆಗಲೇ ಬಾಗಿಲ ಹಿಂದೆ ಸಿದ್ಧವಾಗಿತ್ತು. ತಾನೇ ತುಂಬಿಕೊಂಡಿದ್ದಳು, ನನಗೆ ಗೊತ್ತೇ ಇಲ್ಲ. ದೊಡ್ಡಪ್ಪ ಒಂದು ಕ್ಷಣ ನನ್ನ ಕಡೆ ನೋಡಿ, ತಲೆ ತಗ್ಗಿಸಿ, ಚೀಲ ಎತ್ತಿಕೊಂಡು ಹೋಗಿ ತಮ್ಮ ಕಾರಿನ ಹಿಂದೆ ಇಟ್ಟು ಬಂದರು. ಡಿಕ್ಕಿ ಮುಚ್ಚಿದ ಸದ್ದು ಒಳಗಿನವರೆಗೆ ಕೇಳಿತು. ದುಃಖ ಬಂದರೂ ನನಗೆ ಅದು ಸಿಟ್ಟಾಗಿಯೇ ಬರುವುದು, ಏನು ಮಾಡಲಿ. ಬಟ್ಟೆ ಅಳತೆ ತಪ್ಪು ಎಂದು ಜಗಳಕ್ಕೆ ಬಂದ ಗಿರಾಕಿಯ ಮುಂದೆ ನಿಲ್ಲುವ ಹಾಗೆ ಅವಳ ಮುಂದೆ ನಿಂತೆ.

"ಯಾಕೆ? ನಾನೇನು ಕಡಿಮೆ ಮಾಡ್ದೆ ನಿಂಗೆ? ಹೇಳು."

"ನೀನೇನೂ ಕಡಿಮೆ ಮಾಡಿಲ್ಲ ಚಿಕ್ಕಮ್ಮ." ಅವಳು ಅಳುತ್ತಿರಲಿಲ್ಲ. ಪಾಠ ಒಪ್ಪಿಸುವಂತೆ ಬೆರಳು ಮಡಚುತ್ತ ಹೇಳಿದಳು. "ನಾನೇ ಮೊದಲೇ ಹೇಳಿಬಿಡ್ಬೇಕಿತ್ತು. ನಂಗೆ ಬೆಳಿಗ್ಗೆ ಒಂದೇ ಸಲಕ್ಕೆ ಏಳೋಕೆ ಬರಲ್ಲ. ಈ ವಾರ ಎದ್ದೆ, ಆದ್ರೆ ಯಾವಾಗ್ಲೂ ಆಗಲ್ಲ. ಹಾಲು ಎರಡು ಲೋಟ ಬೇಕಾಗುತ್ತೆ. ಕೆಮ್ಮು ಬರುತ್ತೆ, ಆಗ ಒಳಗೆ ಗೊರಗೊರ ಅನ್ನುತ್ತೆ. ಎರಡು ಮ‌ನೆ ನೋಡಿದೀನಿ. ಅಲ್ಲಿ ಯಾಕೆ ಬಿಟ್ರು ಅಂತ ನಂಗೆ ಸರಿಯಾಗಿ ಗೊತ್ತಿಲ್ಲ, ಗೊತ್ತಿದ್ರೆ ಅದನ್ನೂ ಹೇಳ್ತಿದ್ದೆ. ಇವತ್ತು ಬೇರೆದು ಬರುತ್ತಲ್ಲ, ಅದು ಬರೋದ್ರೊಳಗೆ ನಾನು ಹೋಗಿರ್ತೀನಿ."

ನನ್ನ ಬಲಗಾಲು ನಿಂತಿತು. ಎಷ್ಟು ದಿನಗಳ ಮೇಲೆ ನಿಂತಿತೋ ತಿಳಿಯದು. ಬಾಚದ ತಲೆ, ಅರ್ಧ ಲೋಟ, ಹಿತ್ತಲ ಕೆಮ್ಮು, ಅರ್ಧ ಮಡಚಿದ ಸೀರೆ, ಎಲ್ಲವೂ ಒಂದರ ಹಿಂದೆ ಒಂದು ಬಂದು ನನ್ನ ಮುಂದೆ ಕೂತವು. 'ನಂಗೆ ಅದು ಬೇಡವೇ ಬೇಡ.' ಇದೇ ಬಾಯಿ. ಇದೇ ನಡುಮನೆ. ಅತ್ತೆ ಮೂಲೆಯ ಕುರ್ಚಿಯಿಂದ, ಅಯ್ಯೋ ದೇವರೇ, ಬಾಯಿಗೆ ಬೀಗ ಹಾಕ್ಸಿದ್ಯಲ್ಲೇ ಎಂದರು, ಮೆಲ್ಲಗೆ. ದೊಡ್ಡಪ್ಪ ತಲೆಬುಡ ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. 

ಆಗ ಬೀದಿಯಲ್ಲಿ ಹಾರನ್ನು ಕೇಳಿತು. ಉದ್ದಕ್ಕೆ, ನಿಲ್ಲಿಸದೆ. ಜೊತೆಗೆ ಬ್ರೇಕ್ ಭಾವನ ಗಂಟಲು: "ಅದು ಬಂತು, ಎಲ್ಲರೂ ಹೊರಗೆ ಬನ್ನಿ, ಅದು ಬಂತು."

ನಾನು ಅರಳುವಿನ ಕೈ ಹಿಡಿದುಕೊಂಡು ಓಡಿದೆ. ಮೆಟ್ಟಿಲಲ್ಲಿ ಅವಳ ಚಪ್ಪಲಿ ಒಂದು ಕಳಚಿತು. ಗೇಟಿನ ಹೊರಗೆ ಆ ಹಳೇ ನೀಲಿ ವ್ಯಾನು ಗುಡುಗುಡು ಎನ್ನುತ್ತ ನಿಂತಿತ್ತು, ಮುಂದಿನ ಗಾಜು ಒರೆಸುವ ಕಡ್ಡಿಗೆ ಒಂದು ಹೂವಿನ ಎಸಳು ಸಿಕ್ಕಿಕೊಂಡಿತ್ತು. ನಾನು ಅವಳನ್ನು ಅದರ ಮುಂದೆ ನಿಲ್ಲಿಸಿ, ಉಸಿರು ಕಟ್ಟುತ್ತಿದ್ದರೂ ಹೇಳಿದೆ.

"ಇದು. ಅದು ಅಂದ್ರೆ ಇದು ಕಣೇ. ಇಡೀ ವಾರ ನಾವು ಮಾತಾಡಿದ್ದು ವ್ಯಾನಿನ ಬಗ್ಗೆ. ಬೇಡ ಅಂದಿದ್ದೂ ವ್ಯಾನೇ, ದಾರೀಲಿ ಕೆಟ್ಟು ನಿಂತ ಇನ್ನೊಂದು ವ್ಯಾನು. ನಿನಗೆ ಕೂರೋಕೆ ಜಾಗ ಬೇಕು ಅಂತ ಹುಡುಕಿದ್ದು."

ಅವಳು ವ್ಯಾನನ್ನು ನೋಡಿದಳು. ಒಂದು ಚಪ್ಪಲಿಯಲ್ಲೇ ಅದರ ಸುತ್ತ ಒಂದು ಸುತ್ತು ಬಂದಳು. ಜಾರುವ ಬಾಗಿಲಿನ ಹಿಡಿ ಎಳೆದಳು, ಬರಲಿಲ್ಲ. ಮತ್ತೆ ಎಳೆದಳು.

"ಬಾಗಿಲು ಕೆಟ್ಟಿದೆ ಚಿಕ್ಕಮ್ಮ."

"ಗೊತ್ತು. ಸೊಂಟದಿಂದ ಗುದ್ದಬೇಕು. ಹಿಂದೆ ಹೋಗುವಾಗ ಕಿರುಚುತ್ತೆ. ಜಾಸ್ತಿ ಕುಡಿಯುತ್ತೆ. ಎರಡು ಮನೆ ನೋಡಿದೆ."

"ಎಲ್ಲಾ ಗೊತ್ತಿದ್ದೇ ತಗೊಂಡ್ರಾ?"

"ಎಲ್ಲಾ ಗೊತ್ತಿದ್ದೇ ತಗೊಂಡ್ವಿ."

ಅವಳು ಬಾಗಿಲಿಗೆ ಪಕ್ಕ ಕೊಟ್ಟು ನಿಂತಳು. ಆಮೇಲೆ ಸೊಂಟದಿಂದ ಬಾಗಿಲಿಗೆ ಒಂದು ಗುದ್ದು ಕೊಟ್ಟಳು. ಕಡ್ಡಿಯಂಥ ಸೊಂಟ, ಏನೂ ಆಗಲಿಲ್ಲ. ನಾನೂ ಅವಳ ಪಕ್ಕ ನಿಂತು ಗುದ್ದಿದೆ. ಬಾಗಿಲು ಸರ್ರನೆ ಜಾರಿತು. ಒಳಗಿನಿಂದ ಹೂವಿನ ವಾಸನೆ ಬಂತು.

ಅವಳು ಹತ್ತಲಿಲ್ಲ. ದೊಡ್ಡಪ್ಪನ ಕಾರಿನ ಹತ್ತಿರ ಹೋಗಿ, ಡಿಕ್ಕಿ ತೆಗೆಸಿ, ಎರಡು ಕೈಯಲ್ಲೂ ಚೀಲ ಎಳೆದುಕೊಂಡು ಬಂದು ವ್ಯಾನಿನ ಒಳಗೆ ತಳ್ಳಿದಳು. ನಂತರ ತಾನೂ ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಜೋಡೆತ್ತುಗಳು ಅದು ನನ್ನ ಸೀಟು, ಅದು ನನ್ನ ಸೀಟು ಎಂದು ನುಗ್ಗಿದವು. ನಾನು ಮೊದಲೇ ಕೂತಿದೀನಿ, ಏಳಲ್ಲ ಎಂದಳು. ಅದೂ ಜೋರಾಗಿ.

ನಾನು ಅಲ್ಲೇ ಗೇಟಿಗೆ ಒರಗಿಕೊಂಡು ಅತ್ತುಬಿಟ್ಟೆ. ಸಿಟ್ಟಿಲ್ಲದೆ ಅತ್ತುಬಿಟ್ಟೆ. ದೊಡ್ಡಪ್ಪ ಹತ್ತಿರ ಬಂದು, ಏನಮ್ಮ ಇದು, ಏನಾಯಿತು ಎಂದು ಕೇಳಿದರು. ಕಣ್ಣೊರೆಸಿಕೊಂಡು ನಾನು ವಾರದಿಂದ ನುಂಗಿಕೊಂಡಿದ್ದ ಮಾತನ್ನು ಹೇಳಿದೆ.

"ಜಾಗ ಇದೆ ನೋಡಿ. ನಿಮಗೂ ಸೇರಿ ಇದೆ. ಹತ್ತಿ, ಕೆರೆ ತನಕ ಹೋಗಿ ಬರೋಣ."

ಪಾಪ, ಹತ್ತಿದರು. ಭಾವ ಅವರ ಪಕ್ಕ ಕೂತು ದಾರಿಯುದ್ದಕ್ಕೂ ಇಲ್ಲದ ಬ್ರೇಕು ತುಳಿದರು. ಇವರು ಓಡಿಸಿದರು, ಗಾಜು ಸಾಗಿಸುವ ಹಾಗೆ. ಅರಳು ತಿರುವಿನಲ್ಲಿ ಒಮ್ಮೆ ಬಾಯಿಗೆ ಕೈ ಹಿಡಿದು, ಚಿಕ್ಕಮ್ಮ, ಇನ್ನೊಂದು ಹೇಳೋದು ಮರೆತೆ, ನಂಗೆ ಗಾಡೀಲಿ ವಾಂತಿ ಆಗುತ್ತೆ ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಆಗಿಯೂ ಹೋಯಿತು, ದೊಡ್ಡಪ್ಪನ ಬೂಟಿನ ಮೇಲೆ. ಇನ್ನು ವ್ಯಾನು ವಾಪಸ್ ಕೊಡೋ ಹಾಗಿಲ್ಲ ಎಂದು ಭಾವ ಘೋಷಿಸಿದರು.

ಮರುದಿನ ಇಲ್ಲಿನ ಶಾಲೆಯಲ್ಲೇ ಅವಳ ಹೆಸರು ಬರೆಸಬೇಕಿತ್ತು. ಬೆಳಿಗ್ಗೆ ಚಳಿ ಇತ್ತು. ಹೊರಗೆ ಇವರು ಕೀಲಿ ತಿರುಗಿಸಿದರು; ಅದು ಒಂದೇ ಸಲಕ್ಕೆ ಎದ್ದಿತು. ಒಳಗೆ ನಾನು ಅರಳುವನ್ನು ಕೂಗಿದೆ. ಏಳಲಿಲ್ಲ. ಎರಡನೇ ಸಲ ಕೂಗಿದೆ, ಹೊದಿಕೆ ಇನ್ನೂ ಮೇಲಕ್ಕೆ ಹೋಯಿತು. ಮೂರನೇ ಸಲ ಹತ್ತಿರ ಹೋಗಿ ಕೂಗಿದೆ, ಗೋಡೆಯ ಕಡೆ ಹೊರಳಿ ಮಲಗಿದಳು. ಇದು ಏಳ್ತಾ ಇಲ್ಲ ಕಣ್ರೀ ಎಂದು ಬಾಗಿಲ ಕಡೆಗೆ ಕೂಗಿ ಹೇಳಿದೆ, ಬೀದಿಗೆಲ್ಲ ಕೇಳುವ ಹಾಗೆ, ಮತ್ತು ಅವಳ ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಕೂತೆ.